ಪೀಟ್ ಮುಗಿದ ಮೇಲೆ ಉಳಿಯುವುದು ನೆಲ

ಪ್ರಶ್ನೆ: ನಾವು ಐರ್ಲೆಂಡಿನ ಆಫಲಿ ಕೌಂಟಿಯಲ್ಲಿದ್ದೇವೆ. ಬಂದು ನಾಲ್ಕು ವರ್ಷ ಆಯಿತು. ಬಂದ ಹೊಸದರಲ್ಲಿ ಅಂಗಡಿಯಲ್ಲಿ ಒಲೆಗೆ ಹಾಕುವ ಕಂದು ಇಟ್ಟಿಗೆಗಳ ಕಟ್ಟು ನೋಡಿದೆ. ಅದರ ಮೇಲೆ ‘ಬೋರ್ಡ್ ನ ಮೋನ’ ಎಂದಿತ್ತು. ಆಮೇಲೆ ಕಸದ ಲಾರಿಯ ಮೇಲೂ ಅದೇ ಹೆಸರು ಕಂಡಿತು. ಊರಾಚೆ ಗಾಳಿಯಂತ್ರಗಳ ಗೇಟಿನ ಹತ್ತಿರವೂ ಅದೇ ಹೆಸರು. ಸರ್ಕಾರಿ ಕಂಪನಿಯಂತೆ. ಜೌಗು ಅಗೆಯುವ ಕಂಪನಿ ಕಸಕ್ಕೂ ಗಾಳಿಗೂ ಬಂದಿದ್ದು ಹೇಗೆ? ಇದು ನಿಜವಾದ ಬದಲಾವಣೆಯಾ, ಇಲ್ಲಾ ಹಸಿರು ಬಣ್ಣ ಬಳಿದುಕೊಂಡಿದ್ದಾ? ಇನ್ನೊಂದು ವಿಷಯ. ನನ್ನ ತವರು ಕೆಜಿಎಫ್. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ನಮ್ಮ ಗಣಿ ಕಂಪನಿಯೂ ಸರ್ಕಾರದ್ದೇ ಆಗಿತ್ತು. ಅದು ಯಾಕೆ ಹೀಗೆ ಹೊರಳಿಕೊಳ್ಳಲಿಲ್ಲ?

ಉತ್ತರ: ಕೆಜಿಎಫ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ಈ ಐರಿಷ್ ಕಂಪನಿಯ ಕೈಯಲ್ಲಿ ನಿಜವಾಗಿ ಏನಿತ್ತು ಅಂತ ನೋಡಬೇಕು.

ಐರಿಷ್ ಭಾಷೆಯಲ್ಲಿ ‘ಬೋರ್ಡ್ ನ ಮೋನ’ ಅಂದರೆ ಪೀಟ್ ಮಂಡಳಿ. ಪೀಟ್ ಅಂದರೆ ಏನು ಅಂತ ನಿಮಗೆ ಗೊತ್ತು, ಊರಿನಲ್ಲಿರುವ ಓದುಗರಿಗೆ ಎರಡು ಮಾತು. ತಂಪಾದ, ಸದಾ ಒದ್ದೆಯಾಗಿರುವ ನೆಲದಲ್ಲಿ ಪಾಚಿಯಂಥ ಒಂದು ಗಿಡ ಬೆಳೆಯುತ್ತದೆ, ಸ್ಫ್ಯಾಗ್ನಮ್ ಅಂತ. ಅದು ಸತ್ತರೂ ಪೂರ್ತಿ ಕೊಳೆಯುವುದಿಲ್ಲ. ನೀರಿನಲ್ಲಿ ಮುಳುಗಿದ್ದರಿಂದ ಗಾಳಿ ತಾಗುವುದಿಲ್ಲ, ಅದಕ್ಕೆ. ಹಾಗೆ ಪದರದ ಮೇಲೆ ಪದರ ಸೇರಿ ಕಪ್ಪು ಕೇಕಿನಂಥ ನೆಲ ಆಗುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಲೆಕ್ಕ. ಅಂದರೆ ಒಂದು ಮೀಟರ್ ಆಳ ಅಗೆದರೆ ಸಾವಿರ ವರ್ಷ ಅಗೆದ ಹಾಗೆ. ಐರ್ಲೆಂಡಿನ ನೆಲದಲ್ಲಿ ಐದರಲ್ಲಿ ಒಂದು ಭಾಗ ಇಂಥದ್ದು. ಇದೇ ಪೀಟ್ ಮಣ್ಣಿನಡಿ ಸಿಕ್ಕಿ, ಲಕ್ಷಾಂತರ ವರ್ಷ ಒತ್ತಡ ಮತ್ತು ಶಾಖ ತಿಂದರೆ ಲಿಗ್ನೈಟ್ ಆಗುತ್ತದೆ. ನಮ್ಮ ರಾಜ್ಯಕ್ಕೂ ಕರೆಂಟ್ ಕೊಡುವ ತಮಿಳುನಾಡಿನ ನೈವೇಲಿಯಲ್ಲಿ ಅಗೆಯುವುದು ಅದನ್ನೇ. ಪೀಟ್ ಅನ್ನು ಕಲ್ಲಿದ್ದಲಿನ ಎಳೆಗೂಸು ಅನ್ನಬಹುದು.

ಐರ್ಲೆಂಡಿನಲ್ಲಿ ದೊಡ್ಡ ಕಲ್ಲಿದ್ದಲು ಗಣಿ ಇಲ್ಲ, ಎಣ್ಣೆ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ನಿಂದ ಕಲ್ಲಿದ್ದಲು ಬರುವುದು ಕಷ್ಟವಾದಾಗ ಜನ ಪೀಟ್ ಸುಟ್ಟೇ ಚಳಿ ಕಳೆದರು. 1934ರಲ್ಲಿ ಶುರುವಾಗಿದ್ದ ಒಂದು ಪುಟ್ಟ ಮಂಡಳಿ 1946ರ ಕಾನೂನಿನ ಮೂಲಕ ಬೋರ್ಡ್ ನ ಮೋನ ಆಯಿತು. ಅದನ್ನು ಕಟ್ಟಿದವರು ಟಾಡ್ ಆಂಡ್ರೂಸ್, ಸ್ವಾತಂತ್ರ್ಯ ಹೋರಾಟದಿಂದ ಬಂದ ಮನುಷ್ಯ. 1950ರಲ್ಲಿ ಪೋರ್ಟಾರ್ಲಿಂಗ್‌ಟನ್‌ನಲ್ಲಿ ಪೀಟ್ ಸುಡುವ ವಿದ್ಯುತ್ ಸ್ಥಾವರ ಶುರುವಾಯಿತು. ಆಮೇಲೆ ಒಂದರ ಹಿಂದೆ ಒಂದು. ಬೇರೆ ಕೆಲಸವೇ ಇಲ್ಲದ ಮಧ್ಯ ಐರ್ಲೆಂಡಿನ ಊರುಗಳಿಗೆ ಮೊದಲ ಸಲ ತಿಂಗಳ ಸಂಬಳ ಬಂದಿದ್ದು ಹೀಗೆ. ಇವತ್ತು ಕೂತು ಇವರನ್ನು ಪರಿಸರದ ಶತ್ರುಗಳು ಅನ್ನುವುದು ಸುಲಭ. ಆಗ ಅದು ಸ್ವಾವಲಂಬನೆಯ ಕೆಲಸ.

ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ನಮ್ಮ ಕಣದ ಕೆಲಸದ ಹಾಗೆ. ಮೊದಲು ಉದ್ದುದ್ದ ಕಾಲುವೆ ತೋಡಿ ವರ್ಷಗಟ್ಟಲೆ ನೀರು ಬಸಿಯಲು ಬಿಡುವುದು. ಯಾಕೆಂದರೆ ಹಸಿ ಪೀಟ್‌ನಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ. ಆಮೇಲೆ ಬೇಸಿಗೆಯಲ್ಲಿ ಯಂತ್ರದಿಂದ ಮೇಲಿನ ಒಂದು ಸೆಂಟಿಮೀಟರಿನಷ್ಟು ಪದರ ಕೆರೆದು ಹರಡುವುದು. ಕಣದಲ್ಲಿ ರಾಗಿ ಒಣಗಿಸುವ ಹಾಗೆ ಹೊರಳಿಸಿ ಹೊರಳಿಸಿ ಒಣಗಿಸುವುದು. ರಾಶಿ ಮಾಡಿ ತಮ್ಮದೇ ಪುಟ್ಟ ರೈಲಿನಲ್ಲಿ ಸ್ಥಾವರಕ್ಕೆ ಕಳಿಸುವುದು. ಮಳೆ ಬಂದರೆ ಎಲ್ಲಾ ಹೋಯಿತು. 2012ರ ಬೇಸಿಗೆ ಪೂರ್ತಿ ಮಳೆ ಸುರಿದು ಕಂಪನಿ ತತ್ತರಿಸಿತ್ತು. ಇದು ಗಣಿಗಾರಿಕೆ ಅನ್ನುವುದಕ್ಕಿಂತ ಬೇಸಾಯ ಅನ್ನಬಹುದು. ಅಲ್ಲಿಯವರು ಅಗೆಯುವುದು ಅನ್ನುವುದಿಲ್ಲ, ಕೊಯ್ಲು ಅಂತಲೇ ಅನ್ನುತ್ತಾರೆ. ಬಿತ್ತದೇ ಕೊಯ್ಯುವ ಬೇಸಾಯ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಈ ಕಂಪನಿಯ ಆಸ್ತಿ ಏನು ಅಂತ ಯಾರನ್ನಾದರೂ ಕೇಳಿದರೆ ಪೀಟ್ ಅನ್ನುತ್ತಾರೆ. ನನ್ನ ಲೆಕ್ಕ ಬೇರೆ. ಅವರ ಹತ್ತಿರ ಸುಮಾರು 80,000 ಹೆಕ್ಟೇರ್ ನೆಲ ಇದೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ ಎಕರೆ. ಬೆಂಗಳೂರಿನ ಹಳೆಯ ಬಿಬಿಎಂಪಿಯ ಇಡೀ ವ್ಯಾಪ್ತಿಗಿಂತ ದೊಡ್ಡದು. ಅದೂ ಒಬ್ಬನೇ ಮಾಲೀಕ. ಸಮತಟ್ಟು ಬಯಲು, ಮನೆಗಳು ದೂರ, ಮರ ಕಡಿಮೆ. ಒಳಗೆ ಓಡಾಡಲು ತಮ್ಮದೇ ದಾರಿ, ತಮ್ಮದೇ ರೈಲು ಹಳಿ. ಎಲ್ಲಕ್ಕಿಂತ ಮುಖ್ಯ, ಪೀಟ್ ಸ್ಥಾವರಗಳು ಇದೇ ಬಯಲಿನ ಪಕ್ಕದಲ್ಲಿ ಇದ್ದವು. ಅಲ್ಲಿಂದ ದೇಶದ ಗ್ರಿಡ್‌ಗೆ ಹೈಟೆನ್ಷನ್ ಲೈನ್ ಆಗಲೇ ಎಳೆದಾಗಿತ್ತು. ಭಾರತದಲ್ಲಿ ಸೋಲಾರ್ ಅಥವಾ ವಿಂಡ್ ಪ್ರಾಜೆಕ್ಟ್ ಮಾಡಿದವರನ್ನು ಕೇಳಿ ನೋಡಿ. ಜಮೀನು ಒಟ್ಟು ಮಾಡುವುದು ಮತ್ತು ಗ್ರಿಡ್‌ಗೆ ಜೋಡಿಸುವುದು, ಅರ್ಧ ಜೀವ ತಿನ್ನುವುದು ಈ ಎರಡೇ. ಇವರಿಗೆ ಎರಡೂ ಮೊದಲೇ ಇತ್ತು.

ಅದಕ್ಕೇ ಗಾಳಿ ಇವರಿಗೆ ಒಗ್ಗಿದ್ದು. ಮೇಯೋ ಕೌಂಟಿಯ ಬೆಲ್ಲಕೋರಿಕ್ ಎಂಬಲ್ಲಿ ಒಂದು ಪೀಟ್ ಸ್ಥಾವರ ಇತ್ತು. ಅದರ ಹತ್ತಿರವೇ, ಪೀಟ್ ತೆಗೆದ ಬಯಲಿನಲ್ಲಿ, 1992ರಲ್ಲಿ 21 ಗಾಳಿಯಂತ್ರ ನಿಲ್ಲಿಸಿದರು. ಐರ್ಲೆಂಡಿನ ಮೊದಲ ವಾಣಿಜ್ಯ ವಿಂಡ್ ಫಾರ್ಮ್ ಅದು. ಎಲ್ಲಾ ಸೇರಿ 6.45 ಮೆಗಾವ್ಯಾಟ್. ಪಕ್ಕದ ಸ್ಥಾವರದ ಮುಂದೆ ಆಟಿಕೆಯ ಹಾಗೆ ಕಾಣುತ್ತಿದ್ದಿರಬೇಕು. ಈಗ ನಿಮ್ಮದೇ ಆಫಲಿಯ ಡೆರಿನ್‌ಲಾಕ್‌ನಲ್ಲಿ ನಿಂತಿರುವುದೂ 21 ಯಂತ್ರಗಳೇ. ಆದರೆ ಅವುಗಳ ಸಾಮರ್ಥ್ಯ 105 ಮೆಗಾವ್ಯಾಟ್. ಮೂವತ್ತು ವರ್ಷದಲ್ಲಿ ಯಂತ್ರ ಎಷ್ಟು ಬೆಳೆದಿದೆ ನೋಡಿ.

ಒಂದು ಕೊರಗು ಹೇಳಲೇಬೇಕು. 1992ರಲ್ಲಿ ಅಷ್ಟು ಚೆನ್ನಾಗಿ ಶುರು ಮಾಡಿದವರು ಆಮೇಲೆ ಇಪ್ಪತ್ತು ವರ್ಷ ಹೆಚ್ಚು ಏನೂ ಮಾಡಲಿಲ್ಲ. ಮೌಂಟ್‌ಲೂಕಸ್‌ನ 28 ಯಂತ್ರ, 84 ಮೆಗಾವ್ಯಾಟ್, ಬಂದಿದ್ದು 2014ರಲ್ಲಿ. ಯಾಕೆ ಇಷ್ಟು ತಡ? ಪೀಟ್ ಸುಡುವುದಕ್ಕೆ ದುಡ್ಡು ಸಿಗುತ್ತಿತ್ತು, ಅದಕ್ಕೇ. ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ‘ಪಿಎಸ್‌ಒ’ ಅಂತ ಒಂದು ಸಾಲು ಇರುತ್ತದೆ. ದೇಶದ ಒಳಗಿನ ಇಂಧನಕ್ಕೆ ಬೆಂಬಲ ಅಂತ ಪ್ರತಿ ಗ್ರಾಹಕನಿಂದ ಸಂಗ್ರಹಿಸಿ ಪೀಟ್ ಸ್ಥಾವರಗಳಿಗೆ ಕೊಡುತ್ತಿದ್ದ ಹಣ ಅದೇ ಸಾಲಿನಲ್ಲಿ ಇತ್ತು. ಗಾಳಿಗೂ ಅದರಲ್ಲಿ ಪಾಲಿತ್ತು ಅನ್ನಿ. ಆದರೆ ಹಳೆಯ ವ್ಯಾಪಾರ ಬಿಲ್‌ನ ಆಸರೆಯಲ್ಲಿ ನಿಂತಿರುವಾಗ ಹೊಸದಕ್ಕೆ ಕೈ ಹಾಕುವ ಅವಸರ ಯಾವ ಆಡಳಿತ ಮಂಡಳಿಗೂ ಇರುವುದಿಲ್ಲ.

ಹಾಗಂತ ಜೌಗಿನಲ್ಲಿ ಗಾಳಿಯಂತ್ರ ನಿಲ್ಲಿಸುವುದು ಸುಮ್ನೆ ಕಂಬ ನೆಟ್ಟಷ್ಟು ಸುಲಭ ಅಲ್ಲ. 2003ರ ಅಕ್ಟೋಬರ್‌ನಲ್ಲಿ ಗಾಲ್ವೇ ಕೌಂಟಿಯ ಡೆರಿಬ್ರಿಯನ್ ಎಂಬಲ್ಲಿ, ಬೇರೊಂದು ಸರ್ಕಾರಿ ವಿದ್ಯುತ್ ಕಂಪನಿಗೆ ಸೇರಿದ ವಿಂಡ್ ಫಾರ್ಮ್ ಕಟ್ಟುವಾಗ, ಗುಡ್ಡದ ಮೇಲಿನ ಪೀಟ್ ಜಾರಿ ಕೆಳಗೆ ಹರಿಯಿತು. ಹೊಳೆಗೆ ಇಳಿದು ಮೀನು ಸತ್ತವು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿ ಮಾಡಿರಲಿಲ್ಲ ಅಂತ ಯುರೋಪಿನ ನ್ಯಾಯಾಲಯ 2019ರಲ್ಲಿ ಐರ್ಲೆಂಡಿಗೆ 50 ಲಕ್ಷ ಯೂರೋ ದಂಡ ಹಾಕಿತು. ಸರಿಪಡಿಸುವ ತನಕ ದಿನಕ್ಕೆ 15,000 ಯೂರೋ ಬೇರೆ. ಕೊನೆಗೆ ಆ ಯಂತ್ರಗಳನ್ನು ಬಂದ್ ಮಾಡಲೇಬೇಕಾಯಿತು. ಬೋರ್ಡ್ ನ ಮೋನದ ಮಧ್ಯ ಐರ್ಲೆಂಡಿನ ನೆಲಕ್ಕೆ ಈ ಅಪಾಯ ಕಡಿಮೆ. ಅದು ಇಳಿಜಾರಲ್ಲ, ಪೀಟ್ ಬಹುಪಾಲು ಕೆರೆದು ಹೋಗಿ ಗಟ್ಟಿ ಮಣ್ಣು ಹತ್ತಿರ ಸಿಗುತ್ತದೆ. ಕೆಟ್ಟ ಕೆಲಸ ಮಾಡಿದ್ದರಿಂದ ಒಳ್ಳೆಯ ಕೆಲಸ ಸುಲಭವಾಯಿತು ಅಂದ ಹಾಗಾಯಿತು!

ಇನ್ನು ಕಸ. ಇದರಲ್ಲಿ ಎರಡು ಬೇರೆ ಬೇರೆ ವ್ಯಾಪಾರಗಳಿವೆ, ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿ ನೋಡಬಾರದು.

ಮೊದಲನೆಯದು ಕಸ ಹೂಳುವ ಜಾಗ. ಕಿಲ್ಡೇರ್ ಕೌಂಟಿಯ ಡ್ರೆಹಿಡ್‌ನಲ್ಲಿ 2008ರಲ್ಲಿ ಶುರುವಾಯಿತು. ಕಸ ಹೂಳಲು ಏನು ಬೇಕು? ಜನವಸತಿಯಿಂದ ದೂರ ಇರುವ ದೊಡ್ಡ ಜಾಗ, ಅಡಿಯಲ್ಲಿ ನೀರು ಇಳಿಯದ ಹಾಗೆ ಹಾಸು ಹಾಕುವ ಸೌಕರ್ಯ, ಭಾರಿ ಯಂತ್ರ ಓಡಿಸಬಲ್ಲ ಜನ, ಮತ್ತು ಮುಚ್ಚಿದ ಮೇಲೂ ಹತ್ತಾರು ವರ್ಷ ಅಲ್ಲೇ ಇದ್ದು ಕಾಯುವ ಮಾಲೀಕ. ಈ ಕೊನೆಯದನ್ನು ನಮ್ಮಲ್ಲಿ ಯಾರೂ ಯೋಚಿಸುವುದೇ ಇಲ್ಲ. ಹೂತ ಕಸ ಒಳಗೇ ಕೊಳೆತು ಮೀಥೇನ್ ಬಿಡುತ್ತಲೇ ಇರುತ್ತದೆ, ಕೊಳಚೆ ನೀರು ಬಸಿಯುತ್ತಲೇ ಇರುತ್ತದೆ. ಅದನ್ನು ಮೂರು ದಶಕವಾದರೂ ನೋಡಿಕೊಳ್ಳಬೇಕು. ಡ್ರೆಹಿಡ್‌ನಲ್ಲಿ ಆ ಮೀಥೇನ್ ಅನ್ನು ಪೈಪಿನಲ್ಲಿ ಎಳೆದು ಎಂಜಿನ್‌ಗೆ ಕೊಟ್ಟು ಕರೆಂಟ್ ಮಾಡುತ್ತಾರೆ. ಸುಮ್ಮನೆ ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಬಿಸಿ ಹಿಡಿದಿಡುವ ಅನಿಲ ಅದು.

ಇನ್ನೊಂದು ಸಣ್ಣ ಆದರೆ ಜಾಣ ಕೆಲಸ. ಈ ಕಂಪನಿ ಕೈತೋಟಕ್ಕೆ ಪೀಟ್ ಮಣ್ಣಿನ ಚೀಲ ಮಾರುತ್ತಿತ್ತು. ಹಸಿರು ಕಸದಿಂದ ಗೊಬ್ಬರ ಮಾಡುವ ಘಟಕವನ್ನು ಕಿಲ್ಡೇರ್‌ನ ಕಿಲ್‌ಬೆರಿಯಲ್ಲಿ ಹಾಕಿತು. ಚೀಲದಲ್ಲಿದ್ದ ಪೀಟ್‌ನ ಜಾಗಕ್ಕೆ ಆ ಗೊಬ್ಬರ ಸ್ವಲ್ಪ ಸ್ವಲ್ಪವಾಗಿ ಬಂತು. ಗಿರಾಕಿ ಅದೇ, ಅಂಗಡಿ ಅದೇ, ಚೀಲ ಅದೇ. ಒಳಗಿನ ಸರಕು ಮಾತ್ರ ಬೇರೆ. ಹೊರಳುವುದು ಅಂದರೆ ಹೀಗಿರಬೇಕು.

ಎರಡನೆಯದು ನಿಮ್ಮ ಮನೆ ಮುಂದೆ ಬರುವ ಲಾರಿ. 2007ರಲ್ಲಿ ಬೋರ್ಡ್ ನ ಮೋನ ಎಇಎಸ್ ಎಂಬ ಕಸ ಸಂಗ್ರಹದ ಕಂಪನಿಯನ್ನು ಕೊಂಡಿತು. ಐರ್ಲೆಂಡಿನ ಪದ್ಧತಿ ನಿಮಗೆ ಗೊತ್ತಲ್ಲ. ನಮ್ಮ ಹಾಗೆ ಪಾಲಿಕೆ ಕಸ ಎತ್ತುವುದಿಲ್ಲ. ಮನೆಯವರೇ ಕಂಪನಿ ಆರಿಸಿಕೊಂಡು ದುಡ್ಡು ಕಟ್ಟಬೇಕು. ಒಂದೇ ಬೀದಿಗೆ ಮೂರು ಕಂಪನಿಯ ಮೂರು ಲಾರಿ ಬರುವುದೂ ಇದೆ. ಡಬ್ಲಿನ್ ನಗರಸಭೆ ಕೂಡ 2012ರಲ್ಲಿ ಈ ಕೆಲಸ ಬಿಟ್ಟುಕೊಟ್ಟಿತು. ಇಂಥ ಪೇಟೆಯಲ್ಲಿ ಗೆಲ್ಲುವುದು ಯಾರು? ಒಂದು ಬೀದಿಯಲ್ಲಿ ಜಾಸ್ತಿ ಮನೆ ಹಿಡಿದವನು, ಡೀಸೆಲ್ ಲೆಕ್ಕ ಬಿಗಿಯಾಗಿ ಇಟ್ಟವನು. ಅಲ್ಲಿ ಎರಡು ಲಕ್ಷ ಎಕರೆ ಇದ್ದೂ ಏನೂ ಉಪಯೋಗ ಇಲ್ಲ.

ಅದನ್ನು ಕೊಂಡಾಗ ಕಂಪನಿಯ ವಾದ ಇದ್ದಿದ್ದು, ಲಾರಿಯೂ ನಮ್ಮದು ಹೂಳುವ ಜಾಗವೂ ನಮ್ಮದು ಆದರೆ ಎರಡೂ ಕಡೆ ಲಾಭ ಅಂತ. ಕಾಗದದ ಮೇಲೆ ಸರಿ. ಆದರೆ ಸರ್ಕಾರವೇ ಕಸ ಹೂಳುವುದನ್ನು ಕಡಿಮೆ ಮಾಡಲು ಹೊರಟಿತ್ತು. ಟನ್‌ಗೆ 15 ಯೂರೋದಿಂದ ಶುರುವಾದ ತೆರಿಗೆ 2013ಕ್ಕೆ 75 ಯೂರೋ ಆಗಿತ್ತು. 2017ರಲ್ಲಿ ಡಬ್ಲಿನ್ನಿನ ಪೂಲ್‌ಬೆಗ್‌ನಲ್ಲಿ ವರ್ಷಕ್ಕೆ 6 ಲಕ್ಷ ಟನ್ ಕಸ ಸುಡುವ ಸ್ಥಾವರ ಬಂತು. ಹೂಳುವ ವ್ಯಾಪಾರ ಕುಗ್ಗಬೇಕು ಅಂತಲೇ ಕಾನೂನು ಇರುವಾಗ ಅದಕ್ಕೆ ಲಾರಿ ಜೋಡಿಸಿ ಏನು ಪ್ರಯೋಜನ? 2024ರಲ್ಲಿ ಕಂಪನಿ ಈ ಸಂಗ್ರಹದ ವ್ಯಾಪಾರವನ್ನು ಖಾಸಗಿಯವರಿಗೆ ಮಾರುವ ತೀರ್ಮಾನಕ್ಕೆ ಬಂತು. ಕೆಲಸಗಾರರ ಸಂಘಗಳು ಬಲವಾಗಿ ವಿರೋಧಿಸಿದವು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವ್ಯಾಪಾರದ ದೃಷ್ಟಿಯಿಂದ ಅದನ್ನು ಕೊಂಡಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ಕಸದ ಲಾರಿಯ ಮೇಲೆ ಆ ಹೆಸರು ಯಾಕೆ ಅಂತ ನಿಮಗೆ ವಿಚಿತ್ರ ಅನ್ನಿಸಿದ್ದು ಸಹಜ. ಅದು ಆ ನೆಲದಿಂದ ಹುಟ್ಟಿದ್ದಲ್ಲ, ಹೊರಗಿನಿಂದ ತಂದು ಅಂಟಿಸಿದ್ದು.

ಇಂಥದ್ದೇ ಇನ್ನೊಂದು ಅಡ್ಡದಾರಿ ಈಡನ್‌ಡೆರಿಯದು. ಅಲ್ಲಿನ 128 ಮೆಗಾವ್ಯಾಟ್ ಪೀಟ್ ಸ್ಥಾವರವನ್ನು ಕಂಪನಿ 2006ರಲ್ಲಿ ಕೊಂಡಿತು. 2008ರಿಂದ ಪೀಟ್ ಜೊತೆ ಮರದ ಚೂರು, ಗರಗಸದ ಹೊಟ್ಟು ಸೇರಿಸಿ ಸುಡತೊಡಗಿತು. 2023ರ ಕೊನೆಗೆ ಪೀಟ್ ಪೂರ್ತಿ ನಿಂತಿತು, ಈಗ ಬರೀ ಜೈವಿಕ ಇಂಧನ. ಕೇಳಲು ಚೆನ್ನಾಗಿದೆ. ಆದರೆ ಅಷ್ಟು ದೊಡ್ಡ ಬಾಯ್ಲರ್‌ಗೆ ಬೇಕಾದಷ್ಟು ಸೌದೆ ಐರ್ಲೆಂಡಿನಲ್ಲೇ ಎಲ್ಲಿದೆ? ಕಾಡು ಕಡಿಮೆ ಇರುವ ದೇಶ ಅದು. ಹಾಗಾಗಿ ಒಂದಷ್ಟು ಇಂಧನ ಹಡಗಿನಲ್ಲಿ ಹೊರದೇಶದಿಂದ ಬಂತು. ಪಕ್ಕದ ಬಯಲಿನ ಪೀಟ್ ಬಿಟ್ಟು ಸಮುದ್ರ ದಾಟಿ ಬಂದ ಸೌದೆ ಸುಡುವುದನ್ನು ಹಸಿರು ಅನ್ನಲು ನನಗೆ ಕಷ್ಟ. ಹಳೆಯ ಸ್ಥಾವರವನ್ನು ಉಳಿಸಬೇಕು ಅನ್ನುವ ಆಸೆಯಿಂದ ಹುಟ್ಟಿದ ಯೋಜನೆ ಅದು. ಇದೇ ದಾರಿಯಲ್ಲಿ ಷ್ಯಾನನ್‌ಬ್ರಿಜ್‌ನ 150 ಮೆಗಾವ್ಯಾಟ್ ಸ್ಥಾವರವನ್ನೂ ಹೊರಳಿಸಲು ಅದರ ಮಾಲೀಕರಾದ ಸರ್ಕಾರಿ ವಿದ್ಯುತ್ ಕಂಪನಿ ಇಎಸ್‌ಬಿ ಹೊರಟಿದ್ದರು. 2019ರ ಜುಲೈನಲ್ಲಿ, ಇಂಥ ಕಾಮಗಾರಿಗೆ ಒಪ್ಪಿಗೆ ಕೊಡುವ ಯೋಜನಾ ಮಂಡಳಿ ಅನುಮತಿ ನಿರಾಕರಿಸಿತು. ಅಲ್ಲಿಗೆ ಅದೂ, ಲೇನ್ಸ್‌ಬರೋದ 100 ಮೆಗಾವ್ಯಾಟ್ ಸ್ಥಾವರವೂ 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಎರಡೂ ಕಟ್ಟಿ ಹದಿನೈದು ಹದಿನಾರು ವರ್ಷ ಆಗಿತ್ತು, ಅಷ್ಟೇ. ವಿದ್ಯುತ್ ಸ್ಥಾವರಕ್ಕೆ ಅದು ಯೌವನ.

ಈಗ ನಿಮ್ಮ ಹಸಿರು ಬಣ್ಣದ ಅನುಮಾನ. ಕಂಪನಿ ತಾನಾಗೇ ಮನಸ್ಸು ಬದಲಾಯಿಸಿತು ಅಂತ ಅದರ ಜಾಹೀರಾತು ನೋಡಿದರೆ ಅನ್ನಿಸುತ್ತದೆ. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆ ಕಥೆ ಕಾಣುತ್ತದೆ. 2015ರಲ್ಲಿ ಅವರು ಹೇಳಿದ್ದು, ಕರೆಂಟಿಗೆ ಪೀಟ್ ತೆಗೆಯುವುದನ್ನು 2030ಕ್ಕೆ ನಿಲ್ಲಿಸುತ್ತೇವೆ ಅಂತ. ಹದಿನೈದು ವರ್ಷ ಸಮಯ. 2018ರಲ್ಲಿ, ಇಂಗಾಲ ಬಿಡುವ ಸ್ಥಾವರಗಳು ಕೊಳ್ಳಬೇಕಾದ ಯುರೋಪಿನ ಪರವಾನಗಿಯ ಬೆಲೆ ಒಂದೇ ವರ್ಷದಲ್ಲಿ ಟನ್‌ಗೆ 8 ಯೂರೋ ಆಸುಪಾಸಿನಿಂದ 20 ದಾಟಿತು. ಪೀಟ್ ಸುಟ್ಟರೆ ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲಿಗಿಂತಲೂ ಜಾಸ್ತಿ ಇಂಗಾಲ ಹೊರಬರುತ್ತದೆ. ಹಾಗಾಗಿ ಏಟು ಇವರಿಗೇ ಜೋರು. ಆ ವರ್ಷದ ಅಕ್ಟೋಬರ್‌ನಲ್ಲಿ 62 ಬಯಲುಗಳ ಪೈಕಿ 17ನ್ನು ಕೂಡಲೇ ಮುಚ್ಚುತ್ತೇವೆ, 430ರ ತನಕ ಕೆಲಸ ಹೋಗಬಹುದು ಅಂತ ಘೋಷಿಸಿದರು. ‘ಕಂದಿನಿಂದ ಹಸಿರಿಗೆ’ ಅನ್ನುವ ಘೋಷಣೆ ಬಂದಿದ್ದು ಆಗ.

2019ರಲ್ಲಿ ಒಂದು ಪರಿಸರ ಸಂಘಟನೆಯ ಅರ್ಜಿಯ ಮೇಲೆ ಹೈಕೋರ್ಟ್, ದೊಡ್ಡ ಪ್ರಮಾಣದ ಪೀಟ್ ಕೊಯ್ಲಿಗೆ ಯೋಜನಾ ಅನುಮತಿ ಬೇಡ ಅಂತ ಸರ್ಕಾರ ಮಾಡಿದ್ದ ನಿಯಮವನ್ನು ರದ್ದು ಮಾಡಿತು. ಅದೇ ವರ್ಷ ಇಎಸ್‌ಬಿ ಸ್ಥಾವರಗಳಿಗೆ ಬಿಲ್‌ನಿಂದ ಬರುತ್ತಿದ್ದ ಬೆಂಬಲವೂ ಮುಗಿಯಿತು. 2020ರಲ್ಲಿ ಕೊಯ್ಲು ನಿಂತಿತು. 2021ರ ಜನವರಿಯಲ್ಲಿ, ಇನ್ನು ಮುಂದೆ ಪೀಟ್ ಕೊಯ್ಯುವುದೇ ಇಲ್ಲ ಅಂತ ಕಂಪನಿ ಅಧಿಕೃತವಾಗಿ ಹೇಳಿತು. 2030 ಅಂದಿದ್ದು 2020ಕ್ಕೇ ಬಂತು. ಹತ್ತು ವರ್ಷ ಮುಂಚೆ ದೂಡಿದ್ದು ಬೆಲೆ, ಕೋರ್ಟು ಮತ್ತು ಒಂದು ಅನುಮತಿ ನಿರಾಕರಣೆ. ಒಳ್ಳೆಯ ಬುದ್ಧಿ ಆಮೇಲೆ ಬಂತು. ಬಂದಿದ್ದು ನಿಜವಾದ್ದೇ, ಅದನ್ನೂ ಒಪ್ಪಬೇಕು.

ಒಂದು ತಮಾಷೆ ಕೇಳಿ. ಕೊಯ್ಲು ನಿಂತ ಮೇಲೆ ಅಣಬೆ ಬೆಳೆಯುವವರಿಗೆ, ನರ್ಸರಿಯವರಿಗೆ ಪೀಟ್ ಸಿಗದಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹಡಗಿನಲ್ಲಿ ಡ್ರೊಹೆಡಾ ಬಂದರಿಗೆ ಬಂತು. ಪೀಟ್ ಮೇಲೇ ಕೂತಿರುವ ದೇಶಕ್ಕೆ ಹೊರಗಿನಿಂದ ಪೀಟ್! ಮಲೆನಾಡಿಗೆ ಅಡಿಕೆ ಆಮದು ಮಾಡಿದ ಹಾಗೆ. ಐರಿಷ್ ಪತ್ರಿಕೆಗಳಲ್ಲಿ ದೊಡ್ಡ ಗದ್ದಲ ಆಯಿತು.

ಜನ ಏನಾದರು? ನಿಮ್ಮ ಅಕ್ಕಪಕ್ಕದ ಹಿರಿಯರಿಗೆ ಇದು ಇನ್ನೂ ಹಸಿ ಗಾಯ. ಒಂದು ಕಾಲಕ್ಕೆ ಬೇಸಿಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಈ ಬಯಲುಗಳಲ್ಲಿ ದುಡಿಯುತ್ತಿದ್ದರು. ವಿಂಡ್ ಫಾರ್ಮ್ ಕಟ್ಟುವ ತನಕ ಗಿಜಿಗಿಜಿ ಇರುತ್ತದೆ, ಕಟ್ಟಿದ ಮೇಲೆ ಕೆಲವೇ ತಂತ್ರಜ್ಞರು ಸಾಕು. ಎಷ್ಟು ಮೆಗಾವ್ಯಾಟ್ ಅಂತ ಎಷ್ಟೇ ಹೇಳಿದರೂ, ಟ್ರ್ಯಾಕ್ಟರ್ ಓಡಿಸುತ್ತಿದ್ದವನ ಮಗನಿಗೆ ಅಲ್ಲಿ ಕೆಲಸ ಇಲ್ಲ. ಸರ್ಕಾರ 2019ರ ನವೆಂಬರ್‌ನಲ್ಲಿ ಕಿಯರನ್ ಮಲ್ವಿ ಅವರನ್ನು ಈ ಪ್ರದೇಶದ ‘ನ್ಯಾಯಯುತ ಪರಿವರ್ತನೆ’ಯ ಆಯುಕ್ತರನ್ನಾಗಿ ನೇಮಿಸಿತು. ಆಮೇಲೆ ಯುರೋಪಿನ ನಿಧಿಯೂ ಸೇರಿ 169 ಮಿಲಿಯನ್ ಯೂರೋ ತನಕದ ಯೋಜನೆ ಬಂತು. ಸಣ್ಣ ಉದ್ಯಮ, ಪ್ರವಾಸೋದ್ಯಮ, ತರಬೇತಿ, ಹೀಗೆ. ದುಡ್ಡು ಬಂದಿದ್ದು ಕೆಲಸ ಹೋದ ಮೇಲೆ ಅನ್ನುವ ದೂರು ಆ ಭಾಗದಲ್ಲಿ ಸಾಮಾನ್ಯ. ದೂರಿನಲ್ಲಿ ಹುರುಳಿದೆ.

ಆದರೆ ಒಂದು ಕೆಲಸ ಮಾತ್ರ ನನಗೆ ತುಂಬಾ ಹಿಡಿಸಿತು. ಪೀಟ್ ಒಣಗಿದರೆ ತಾನಾಗೇ ಗಾಳಿಯ ಜೊತೆ ಸೇರಿ ಇಂಗಾಲ ಬಿಡುತ್ತಲೇ ಇರುತ್ತದೆ. ಕೊಯ್ಲು ನಿಲ್ಲಿಸಿದರೆ ಸಾಲದು. ಮತ್ತೆ ಒದ್ದೆ ಮಾಡಬೇಕು. ಅದಕ್ಕೆ ಸರ್ಕಾರ 108 ಮಿಲಿಯನ್ ಯೂರೋ, ಕಂಪನಿ 18 ಮಿಲಿಯನ್ ಯೂರೋ ಹಾಕಿ, 33,000 ಹೆಕ್ಟೇರ್‌ನಷ್ಟು ಬಯಲಿಗೆ ನೀರು ತುಂಬಿಸುವ ಯೋಜನೆ ಶುರುಮಾಡಿದರು. ಮಾಡುವುದು ಇಷ್ಟೇ. ಅಪ್ಪಂದಿರು ತೋಡಿದ ಕಾಲುವೆಗೆ ಮಕ್ಕಳು ಅಲ್ಲಲ್ಲಿ ಪೀಟ್‌ನಿಂದಲೇ ಬದು ಕಟ್ಟಿ ನೀರು ನಿಲ್ಲಿಸುವುದು. ಅದೇ ಯಂತ್ರ, ಅದೇ ಚಾಲಕರು. ಯಾವ ಕಾಲುವೆ ಯಾವ ಕಡೆ ಹರಿಯುತ್ತದೆ, ಎಲ್ಲಿ ಯಂತ್ರ ಹೂತುಹೋಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಲವು ಬಯಲು ಪಕ್ಕದ ನದಿಗಿಂತ ತಗ್ಗಿನಲ್ಲಿವೆ. ಅಲ್ಲಿ ಪಂಪ್ ನಿಲ್ಲಿಸಿದರೆ ಸಾಕು, ಕೆರೆಯೇ ಆಗುತ್ತದೆ. ಅಂಥ ಕಡೆ ಗಾಳಿಯಂತ್ರ ಬರುವುದಿಲ್ಲ, ಹಕ್ಕಿ ಬರುತ್ತದೆ. ಐರ್ಲೆಂಡಿನಿಂದ ಸುಮಾರು 300 ವರ್ಷ ಕಾಣೆಯಾಗಿದ್ದ ಕ್ರೇನ್ ಹಕ್ಕಿ ಇಂಥದೊಂದು ಬಯಲಿನಲ್ಲಿ ಗೂಡು ಕಟ್ಟಿ ಮರಿ ಮಾಡಿದೆ. ಯಾವ ಬಯಲು ಅಂತ ಕಂಪನಿ ಹೇಳುವುದಿಲ್ಲ. ಒಳ್ಳೆಯದೇ ಮಾಡಿದರು.

ಇನ್ನು ಕೆಜಿಎಫ್.

ನಿಮ್ಮ ತಾತನ ಗಣಿ ಕಡಿಮೆಯದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಜಾಗ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು ಈ ಗಣಿಗಾಗಿ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1972ರಲ್ಲಿ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಆಯಿತು. 1992ರ ಹೊತ್ತಿಗೆ ಅದು ರೋಗಗ್ರಸ್ತ ಕಂಪನಿ ಅಂತ, ಅಂಥವನ್ನು ವಿಚಾರಿಸುವ ಬಿಐಎಫ್‌ಆರ್ ಮಂಡಳಿಯ ಮುಂದೆ ಹೋಯಿತು. ಅಲ್ಲಿ ಬೆಲ್ಲಕೋರಿಕ್‌ನಲ್ಲಿ ಮೊದಲ ಗಾಳಿಯಂತ್ರ ನಿಂತಿದ್ದೂ 1992. 2001ರ ಫೆಬ್ರವರಿ 28ಕ್ಕೆ ನಮ್ಮ ಗಣಿ ಮುಚ್ಚಿತು.

ಆಗ ಕಂಪನಿಯ ಹೆಸರಿನಲ್ಲಿ ಸುಮಾರು 12,000 ಎಕರೆ ನೆಲ ಇತ್ತು. ರೈಲು ಇತ್ತು. ಹಳೆಯ ಕಾಲದಿಂದ ಬಂದ ವಿದ್ಯುತ್ ಲೈನ್ ಇತ್ತು. ಕಬ್ಬಿಣದ ಕೆಲಸ, ಪಂಪ್, ಲಿಫ್ಟ್, ಕೇಬಲ್ ಎಲ್ಲಾ ಬಲ್ಲ ಜನ ಇದ್ದರು. ಪಕ್ಕದಲ್ಲೇ ಬೆಮೆಲ್ ಕಾರ್ಖಾನೆ. ಬಿಸಿಲಿಗಂತೂ ಬರವೇ ಇಲ್ಲ. ಅಂದರೆ ಐರಿಷ್ ಕಂಪನಿಯ ಕೈಯಲ್ಲಿ ಇದ್ದ ಹೆಚ್ಚಿನದು ಇಲ್ಲೂ ಇತ್ತು. ಆದರೆ ಎರಡು ವ್ಯತ್ಯಾಸ. ಒಂದು, 2001ರಲ್ಲಿ ಸೋಲಾರ್ ಕರೆಂಟ್ ತುಂಬಾ ದುಬಾರಿ. ಆಗ ಯಾರೂ ಆ ದುಡ್ಡು ಹಾಕುತ್ತಿರಲಿಲ್ಲ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಎರಡನೆಯದು ದೂರಬೇಕಾದ್ದು. ಭಾರತ್ ಗೋಲ್ಡ್ ಮೈನ್ಸ್‌ಗೆ ಬೇರೆ ಏನನ್ನೂ ಮಾಡುವ ಅಧಿಕಾರವನ್ನೋ ಬಂಡವಾಳವನ್ನೋ ಯಾರೂ ಕೊಡಲಿಲ್ಲ. ನಷ್ಟ ಲೆಕ್ಕ ಹಾಕಿದರು, ಪರಿಹಾರ ಕೊಟ್ಟು ಕಳಿಸಿದರು, ಬಾಗಿಲು ಹಾಕಿದರು. ಬೋರ್ಡ್ ನ ಮೋನ ಒಂದು ವ್ಯಾಪಾರ ಮುಚ್ಚಿತು, ಕಂಪನಿಯನ್ನು ಮುಚ್ಚಲಿಲ್ಲ. ನೆಲಕ್ಕೆ ಕೊನೆಯ ತನಕ ಒಬ್ಬ ಮಾಲೀಕ ಉಳಿದ. ಕೆಜಿಎಫ್‌ನಲ್ಲಿ ನೆಲ ಉಳಿಯಿತು, ಅದನ್ನು ನೋಡಿಕೊಳ್ಳುವವರು ಉಳಿಯಲಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಇವತ್ತಿಗೂ ಗಾಳಿಗೆ ಹಾರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಓರಗೆಯವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವುದೂ.

ಬೆಂಗಳೂರಿನ ಕಸವನ್ನು ಕೆಜಿಎಫ್‌ಗೆ ತರುವ ಮಾತು ಬಂದಾಗ ಊರಿನವರು ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಅದನ್ನು ಡ್ರೆಹಿಡ್ ಜೊತೆ ಹೋಲಿಸಿ, ಐರ್ಲೆಂಡಿನವರು ಒಪ್ಪಿದರು ನಮ್ಮವರು ಒಪ್ಪಲಿಲ್ಲ ಅನ್ನುವವರಿದ್ದಾರೆ. ಅದು ತಪ್ಪು ಲೆಕ್ಕ. ಡ್ರೆಹಿಡ್ ವಿಸ್ತರಣೆಗೂ ಸ್ಥಳೀಯರ ವಿರೋಧ ಇದ್ದೇ ಇದೆ. ಆದರೆ ಅಲ್ಲಿ ಜಗಳ ಆಡಲು ಒಂದು ಕಂಪನಿ, ಒಂದು ಲೈಸೆನ್ಸ್, ದೂರು ಕೊಡಲು ಒಂದು ಪರಿಸರ ಸಂಸ್ಥೆ ಇದೆ. ನಮ್ಮಲ್ಲಿ ಹಳೆಯ ದಿಬ್ಬಕ್ಕೇ ಯಾರು ಹೊಣೆ ಅಂತ ಗೊತ್ತಿಲ್ಲದ ಊರಿಗೆ ಹೊಸ ದಿಬ್ಬ ತಂದು ಹಾಕಿದರೆ ಯಾರು ತಾನೇ ಒಪ್ಪುತ್ತಾರೆ?

ನೈವೇಲಿ ನೋಡಿದರೆ ನಮ್ಮಲ್ಲೂ ಆಗುತ್ತದೆ ಅನ್ನಿಸುತ್ತದೆ. ಅಲ್ಲಿನ ಸರ್ಕಾರಿ ಕಂಪನಿ ಎನ್‌ಎಲ್‌ಸಿ ಇಂಡಿಯಾ ಲಿಗ್ನೈಟ್ ಅಗೆಯುತ್ತಲೇ 1,400 ಮೆಗಾವ್ಯಾಟ್ ಮೀರಿ ಸೋಲಾರ್ ಮತ್ತು ಗಾಳಿ ಹಾಕಿದೆ. ಆದರೆ ಅವರು ಅಗೆಯುವುದನ್ನು ನಿಲ್ಲಿಸಿಲ್ಲ, ನಿಲ್ಲಿಸುವ ಅವಸರವೂ ಕಾಣುತ್ತಿಲ್ಲ. ಬೋರ್ಡ್ ನ ಮೋನ 1992ರಿಂದ 2014ರ ತನಕ ಕಳೆದ ಆ ನಿಧಾನದ ಕಾಲದಲ್ಲೇ ಅವರೂ ಇದ್ದಾರೆ ಅನ್ನಿ.

ನೀವು ಇರುವುದು ಆಫಲಿಯಲ್ಲೇ ಆದ್ದರಿಂದ ಒಂದು ಸಲಹೆ. ಮಳೆ ಬಿಟ್ಟ ಒಂದು ಭಾನುವಾರ ಮೌಂಟ್‌ಲೂಕಸ್‌ಗೆ ಹೋಗಿ ಬನ್ನಿ. ಗಾಳಿಯಂತ್ರಗಳ ನಡುವೆ ನಡೆಯಲು, ಸೈಕಲ್ ಹೊಡೆಯಲು ದಾರಿ ಬಿಟ್ಟಿದ್ದಾರೆ. ಹಾಗೇ ಲಾಕ್ ಬೋರಾ ಕಡೆಗೂ ಹೋಗಿ, ಅಲ್ಲಿ ಹಳೆಯ ಪೀಟ್ ಬಯಲು ಈಗ ಕೆರೆಗಳ ಉದ್ಯಾನ ಆಗಿದೆ. ತಾತ ಬದುಕಿದ್ದರೆ ಅವರಿಗೆ ಫೋಟೋ ಕಳಿಸಿ. ಆ ಪುಟ್ಟ ರೈಲಿನ ಹಳಿ ಕಂಡರೆ ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.